ಒಂದೇ ಲ್ಯಾಪ್‌ಟಾಪಿನಲ್ಲಿ ಮೂರು ಲಿನಕ್ಸ್: ಬೂಟ್‌ಲೋಡರ್ ಜಗಳ ಬಿಡಿಸುವ ಬಗೆ

ನನ್ನ ಲ್ಯಾಪ್‌ಟಾಪಿನಲ್ಲಿ ಮೂರು ಲಿನಕ್ಸ್ ಇವೆ. ದಿನದ ಕೆಲಸಕ್ಕೆ ಉಬುಂಟು, ಮನೆಯವರಿಗೆ ಮಿಂಟ್, ಹೊಸದೇನಾದರೂ ನೋಡಬೇಕು ಅನಿಸಿದಾಗ ಫೆಡೋರಾ. ಮೂರೂ ಒಳ್ಳೆಯವೇ. ಬೇರೆ ಬೇರೆ ಕಂಪ್ಯೂಟರಿಗೆ ಹಾಕಿದರೆ ಯಾವ ತಕರಾರೂ ಇಲ್ಲ. ಒಂದೇ ಡಿಸ್ಕಿಗೆ ಹಾಕಿದಾಗ ಶುರುವಾಗುತ್ತದೆ. ನಿನ್ನೆ ಸರಿಯಾಗಿ ಬಂದ ಮೆನು ಇವತ್ತು ಬೇರೆ ಬಣ್ಣದಲ್ಲಿ ಬರುತ್ತದೆ. ಪಟ್ಟಿಯಲ್ಲಿದ್ದ ಒಂದು ಹೆಸರು ಕಾಣೆಯಾಗಿರುತ್ತದೆ. ಇಲ್ಲವೇ ಕಪ್ಪು ಪರದೆಯ ಮೇಲೆ ‘ಗ್ರಬ್’ ಅನ್ನುವ ಒಂದು ಪದ, ಅದರ ಪಕ್ಕ ಮಿಣುಕುವ ಕರ್ಸರ್, ಅಷ್ಟೇ. ಗ್ರಬ್ ಅನ್ನುವುದು ಒಂದು ಬೂಟ್‌ಲೋಡರ್: ಕಂಪ್ಯೂಟರ್ ಆನ್ ಆದಾಗ ಮೆನು ತೋರಿಸಿ, ಆರಿಸಿದ ಲಿನಕ್ಸನ್ನು ಎಬ್ಬಿಸುವ ಸಣ್ಣ ಪ್ರೋಗ್ರಾಂ.

ಇಂಥ ಹೊತ್ತಿನಲ್ಲಿ ತುಂಬಾ ಜನ ಗಾಬರಿಯಾಗಿ ಎಲ್ಲವನ್ನೂ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ಫೋಟೋ, ಕಡತ, ಕೆಲಸ ಎಲ್ಲ ಒಳಗೆ ಹಾಗೇ ಇರುತ್ತವೆ. ಮನೆ ಗಟ್ಟಿಯಾಗಿದೆ, ಬೀಗ ಬದಲಾಗಿದೆ. ಆ ಬೀಗವನ್ನು ಸರಿ ಮಾಡಿಕೊಳ್ಳುವುದಕ್ಕೆ ಅರ್ಧ ಗಂಟೆ ಸಾಕು.

ಶುರು ಮಾಡುವ ಮುಂಚೆ ಒಂದು ಮಾತು. ಇಲ್ಲಿ ಕಮಾಂಡ್‌ಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ದೊಡ್ಡಕ್ಷರ ಅಂತ ಹೇಳದ ಕಡೆಯೆಲ್ಲ ಸಣ್ಣಕ್ಷರ. ಹೈಫನ್, ಚುಕ್ಕೆ, ಓರೆಗೆರೆ ಎಲ್ಲಿದೆಯೋ ಅಲ್ಲೇ ಹಾಕಿ.

ಜಗಳ ಹುಟ್ಟುವ ಜಾಗ

ಈಗಿನ ಕಂಪ್ಯೂಟರುಗಳೆಲ್ಲ ಯುಇಎಫ್‌ಐ ಪದ್ಧತಿಯವು; ಆನ್ ಮಾಡಿದಾಗ ಮದರ್‌ಬೋರ್ಡಿನಲ್ಲಿ ಮೊದಲು ಓಡುವ ತಂತ್ರಾಂಶ ಅದು. ಡಿಸ್ಕಿನಲ್ಲಿ ಒಂದು ಸಣ್ಣ ಪಾರ್ಟಿಷನ್ ಇರುತ್ತದೆ, ಅದಕ್ಕೆ ಇಎಫ್‌ಐ ಪಾರ್ಟಿಷನ್ ಅಂತ ಹೆಸರು. ಅದು ಫ್ಯಾಟ್ ಮಾದರಿಯದ್ದು. ಪ್ರತಿ ಲಿನಕ್ಸ್ ಅದರೊಳಗೆ ತನ್ನ ಹೆಸರಿನ ಒಂದು ಫೋಲ್ಡರ್ ಮಾಡಿಕೊಂಡು ಬೂಟ್‌ಲೋಡರನ್ನು ಅಲ್ಲಿಡುತ್ತದೆ. ಫೆಡೋರಾದ್ದು ‘ಫೆಡೋರಾ’ ಫೋಲ್ಡರ್, ಡೆಬಿಯನ್‌ನದು ‘ಡೆಬಿಯನ್’. ಇದರ ಜೊತೆಗೆ ಮದರ್‌ಬೋರ್ಡಿನ ನೆನಪಿನಲ್ಲಿ ಒಂದು ಪಟ್ಟಿ ಇರುತ್ತದೆ: ಮೊದಲು ಯಾವುದನ್ನು ಕರೆಯಬೇಕು, ಅದು ಆಗದಿದ್ದರೆ ಮುಂದಿನದು ಯಾವುದು.

ಹಳೆಯ ಬಯಾಸ್ ಪದ್ಧತಿಯಲ್ಲಿ ಇಷ್ಟು ಜಾಗ ಇರಲಿಲ್ಲ. ಡಿಸ್ಕಿನ ಮೊದಲ 512 ಬೈಟ್‌ಗಳಲ್ಲಿ 446 ಬೈಟ್ ಮಾತ್ರ ಬೂಟ್ ಕೋಡಿಗೆ. ಅಲ್ಲಿ ಒಬ್ಬರಿಗೇ ಜಾಗ. ಕೊನೆಯಲ್ಲಿ ಬಂದವರು ಮುಂಚಿನವರನ್ನು ಅಳಿಸಿಯೇ ಕೂರಬೇಕಿತ್ತು. ಯುಇಎಫ್‌ಐ ಬಂದ ಮೇಲೆ ಎಲ್ಲರಿಗೂ ಬೇರೆ ಬೇರೆ ಕೋಣೆ ಸಿಕ್ಕಿತು. ಆದರೂ ಜಗಳ ಮೂರು ಕಡೆ ಉಳಿದುಕೊಂಡಿದೆ.

ಒಂದು, ಹೊಸದಾಗಿ ಇನ್‌ಸ್ಟಾಲ್ ಆದದ್ದು ಪಟ್ಟಿಯಲ್ಲಿ ತನ್ನನ್ನೇ ಮೊದಲಿಗೆ ಹಾಕಿಕೊಳ್ಳುತ್ತದೆ. ಎರಡು, ಕೆಲವು ಡಿಸ್ಟ್ರೋಗಳು (ಉಬುಂಟು, ಮಿಂಟ್‌ನಂಥ ಲಿನಕ್ಸ್ ಬಗೆಗಳು) ಒಂದೇ ಹೆಸರಿನ ಫೋಲ್ಡರ್ ಬಳಸುತ್ತವೆ. ಮೂರು, ಒಂದು ಡಿಸ್ಟ್ರೋದ ಗ್ರಬ್ ಬೇರೆಯವರ ಕರ್ನಲ್ (ಲಿನಕ್ಸ್‌ನ ತಿರುಳಾದ ಪ್ರೋಗ್ರಾಂ) ಹೆಸರುಗಳನ್ನೂ ತನ್ನ ಮೆನುವಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಆ ಬರಹ ಬೇಗ ಹಳತಾಗುತ್ತದೆ. ಮೂರನೆಯದೇ ಎಲ್ಲಕ್ಕಿಂತ ಜಾಸ್ತಿ ತೊಂದರೆ ಕೊಡುವುದು. ಅದರ ಬಗ್ಗೆ ಮುಂದೆ ಬಿಡಿಸಿ ಹೇಳುತ್ತೇನೆ.

ನಾನು ಅನುಸರಿಸುವ ದಾರಿ ಸರಳ. ಒಂದು ಡಿಸ್ಟ್ರೋವನ್ನು ಬೂಟಿನ ಯಜಮಾನ ಅಂತ ಮಾಡಿ. ಉಳಿದವು ತಮ್ಮ ತಮ್ಮ ಮೆನುವನ್ನು ತಾವೇ ನೋಡಿಕೊಳ್ಳಲಿ. ಯಜಮಾನನ ಕೆಲಸ ಅವರ ಬಾಗಿಲವರೆಗೆ ಕರೆದುಕೊಂಡು ಹೋಗಿ ಬಿಡುವುದು, ಅಷ್ಟೇ. ಒಳಗೆ ಯಾವ ಕರ್ನಲ್ ಇದೆ ಅಂತ ಅವನು ನೆನಪಿಟ್ಟುಕೊಳ್ಳುವುದು ಬೇಡ.

ಹಂತ 1: ಏನಿದೆ ಅಂತ ಬರೆದುಕೊಳ್ಳಿ

ಯಾವುದಾದರೂ ಒಂದು ಲಿನಕ್ಸ್ ಬೂಟ್ ಆಗುತ್ತಿದ್ದರೆ ಅದರೊಳಗೆ ಹೋಗಿ. ಯಾವುದೂ ಆಗದಿದ್ದರೆ ಲೈವ್ ಪೆನ್‌ಡ್ರೈವ್ (ಇನ್‌ಸ್ಟಾಲ್ ಮಾಡದೆಯೇ ಲಿನಕ್ಸ್ ಓಡಿಸುವ ಪೆನ್‌ಡ್ರೈವ್) ಹಾಕಿ. ಮೊದಲು ಫೈಲ್ ಮ್ಯಾನೇಜರಿನಲ್ಲಿ /ಸಿಸ್/ಫರ್ಮ್‌ವೇರ್/ಇಎಫ್‌ಐ ಅನ್ನುವ ಫೋಲ್ಡರ್ ಇದೆಯಾ ನೋಡಿ. ಇದ್ದರೆ ನೀವು ಯುಇಎಫ್‌ಐ ದಾರಿಯಲ್ಲಿ ಬೂಟ್ ಆಗಿದ್ದೀರಿ. ಇಲ್ಲದಿದ್ದರೆ ಬಯಾಸ್ ದಾರಿಯಲ್ಲಿ. ಪ್ರತಿ ಡಿಸ್ಟ್ರೋದಲ್ಲೂ ಇದನ್ನು ನೋಡಬೇಕು. ಒಂದು ಯುಇಎಫ್‌ಐಯಲ್ಲಿ, ಇನ್ನೊಂದು ಬಯಾಸಿನಲ್ಲಿ ಇನ್‌ಸ್ಟಾಲ್ ಆಗಿದ್ದರೆ ಅವೆರಡನ್ನೂ ಒಂದೇ ಮೆನುವಿನಲ್ಲಿ ಸೇರಿಸುವುದು ಸುಲಭವಲ್ಲ. ಮೊದಲು ಅದನ್ನೇ ಸರಿ ಮಾಡಬೇಕಾಗುತ್ತದೆ.

ಆಮೇಲೆ ಟರ್ಮಿನಲ್‌ನಲ್ಲಿ:

ಎಲ್‌ಎಸ್‌ಬಿಎಲ್‌ಕೆ -ಎಫ್

ಪಾರ್ಟಿಷನ್‌ಗಳು, ಅವುಗಳ ಮಾದರಿ, ಯುಯುಐಡಿ (ಪ್ರತಿ ಪಾರ್ಟಿಷನ್ನಿನ ಗುರುತು ಸಂಖ್ಯೆ) ಎಲ್ಲ ಕಾಣುತ್ತವೆ. ಇದರ ಬೆನ್ನಿಗೇ:

ಸುಡೊ ಇಎಫ್‌ಐಬೂಟ್‌ಎಂಜಿಆರ್

ಇದು ಇಎಫ್‌ಐ, ಬೂಟ್, ಎಂಜಿಆರ್ ಮೂರನ್ನೂ ಕೂಡಿಸಿ ಬರೆದ ಒಂದೇ ಪದ, ನಡುವೆ ಜಾಗ ಬೇಡ. ‘ಬೂಟ್‌ಆರ್ಡರ್: 0002,0000,0003’ ಅನ್ನುವಂಥ ಸಾಲು ಬರುತ್ತದೆ. ಕೆಳಗೆ 0000 ಉಬುಂಟು, 0002 ಫೆಡೋರಾ ಅಂತ ಹೆಸರುಗಳು. ‘ಬೂಟ್‌ಕರೆಂಟ್’ ಅಂದರೆ ಈಗ ಯಾವ ಬಾಗಿಲಿನಿಂದ ಒಳಗೆ ಬಂದಿದ್ದೀರಿ ಅಂತ.

ಇವೆರಡನ್ನೂ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಯಾವ ಪಾರ್ಟಿಷನ್ ಯಾವ ಡಿಸ್ಟ್ರೋದ್ದು ಅಂತ ಒಂದು ಹಾಳೆಯಲ್ಲೂ ಬರೆಯಿರಿ. ಕಂಪ್ಯೂಟರ್ ಬೂಟ್ ಆಗದೆ ಕೂತಾಗ ಆ ಕಂಪ್ಯೂಟರಿನೊಳಗೆ ಬರೆದಿಟ್ಟ ಟಿಪ್ಪಣಿ ಕೈಗೆ ಸಿಗುವುದಿಲ್ಲ, ಅಲ್ವಾ?

ಹಂತ 2: ಯಜಮಾನನನ್ನು ಆರಿಸಿ

ನೀವು ತುಂಬಾ ದಿನ ಇಟ್ಟುಕೊಳ್ಳುವಂಥದ್ದು ಯಾವುದೋ ಅದೇ ಯಜಮಾನ ಆಗಲಿ. ಉಬುಂಟುವಿನ ಎಲ್‌ಟಿಎಸ್ (ಹಲವು ವರ್ಷ ಅಪ್‌ಡೇಟ್ ಸಿಗುವ ಆವೃತ್ತಿ) ಅಥವಾ ಡೆಬಿಯನ್ ಸ್ಟೇಬಲ್ ಇದಕ್ಕೆ ಚೆನ್ನ. ಪರೀಕ್ಷೆಗೆ ಅಂತ ಹಾಕಿಕೊಂಡು ಎರಡು ತಿಂಗಳಿಗೆ ಅಳಿಸುವ ಡಿಸ್ಟ್ರೋಗೆ ಈ ಕೆಲಸ ಕೊಡಬೇಡಿ. ಅದನ್ನು ಅಳಿಸಿದ ದಿನ ಉಳಿದವುಗಳ ಬಾಗಿಲೂ ಮುಚ್ಚಿಹೋಗುತ್ತದೆ.

ಆರಿಸಿದ ಮೇಲೆ ಪಟ್ಟಿಯಲ್ಲಿ ಅದನ್ನು ಮೊದಲಿಗೆ ತನ್ನಿ. ಮೇಲಿನ ಉದಾಹರಣೆಯಲ್ಲಿ ಉಬುಂಟು 0000 ಆದ್ದರಿಂದ:

ಸುಡೊ ಇಎಫ್‌ಐಬೂಟ್‌ಎಂಜಿಆರ್ -ಒ 0000,0002,0003

ಅಲ್ಪವಿರಾಮದ ನಂತರ ಜಾಗ ಬಿಡಬೇಡಿ. ಒಂದು ಸಲಕ್ಕೆ ಮಾತ್ರ ಬೇರೆಯದಕ್ಕೆ ಹೋಗಿ ನೋಡಬೇಕಾದರೆ ಅದೇ ಕಮಾಂಡಿನಲ್ಲಿ -ಒ ಭಾಗದ ಬದಲು -ಎನ್ 0002 ಅಂತ ಕೊಡಿ. ಮುಂದಿನ ಬೂಟ್ ಅದಕ್ಕೆ ಹೋಗುತ್ತದೆ, ಅದರ ನಂತರ ಮತ್ತೆ ಹಳೆಯ ಕ್ರಮವೇ. ಯಾವುದನ್ನಾದರೂ ಪಕ್ಕಾ ಮಾಡುವ ಮೊದಲು ಪರೀಕ್ಷಿಸಲು ಇದು ಬಹಳ ಉಪಯೋಗಕ್ಕೆ ಬರುತ್ತದೆ. ಹಿಂದೆಂದೋ ಅಳಿಸಿದ ಡಿಸ್ಟ್ರೋದ ಹೆಸರು ಇನ್ನೂ ಪಟ್ಟಿಯಲ್ಲಿದ್ದರೆ, ಅದರ ಸಂಖ್ಯೆ 0005 ಅಂದುಕೊಳ್ಳಿ, -ಬಿ 0005 -ಬಿ ಅಂತ ಕೊಟ್ಟು ತೆಗೆಯಬಹುದು. ಇದರಲ್ಲಿ ಮೊದಲ ‘ಬಿ’ ಸಣ್ಣಕ್ಷರ, ಎರಡನೆಯದು ದೊಡ್ಡಕ್ಷರ.

ಕೆಲವು ಲ್ಯಾಪ್‌ಟಾಪುಗಳು ಈ ಪಟ್ಟಿಯನ್ನು ಮರೆತುಬಿಡುತ್ತವೆ. ಎಷ್ಟು ಸಲ ಸರಿ ಮಾಡಿದರೂ ಮತ್ತೆ ಮೊದಲಿನಂತೆ. ಅಂಥವು ಇಎಫ್‌ಐ ಪಾರ್ಟಿಷನ್ನಿನ ‘ಬೂಟ್’ ಫೋಲ್ಡರಿನಲ್ಲಿರುವ ಬೂಟ್‌ಎಕ್ಸ್64 ಫೈಲನ್ನು ಮಾತ್ರ ಹುಡುಕುತ್ತವೆ. ಹಾಗಿದ್ದರೆ ಯಜಮಾನನೊಳಗೆ ಹೋಗಿ ಸುಡೊ ಗ್ರಬ್-ಇನ್‌ಸ್ಟಾಲ್ --ರಿಮೂವಬಲ್ ಅಂತ ಕೊಡಿ. ಗ್ರಬ್‌ನ ಒಂದು ಪ್ರತಿ ಆ ಜಾಗಕ್ಕೂ ಹೋಗುತ್ತದೆ.

ಹಂತ 3: ಕರ್ನಲ್ ಪಟ್ಟಿ ಬಿಡಿ, ಬಾಗಿಲು ತೋರಿಸಿ

ಗ್ರಬ್ ಜೊತೆ ಓಎಸ್-ಪ್ರೋಬರ್ ಅನ್ನುವ ಸಣ್ಣ ಪ್ರೋಗ್ರಾಂ ಇರುತ್ತದೆ. ಅದು ಎಲ್ಲ ಪಾರ್ಟಿಷನ್‌ಗಳನ್ನೂ ಹುಡುಕಿ ಸಿಕ್ಕ ಡಿಸ್ಟ್ರೋಗಳ ಕರ್ನಲ್‌ಗಳನ್ನು ನಮ್ಮ ಮೆನುವಿಗೆ ಸೇರಿಸುತ್ತದೆ. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಅದು ಬರೆಯುವುದು ಆ ಹೊತ್ತಿನ ಹೆಸರುಗಳನ್ನು. ಮುಂದಿನ ವಾರ ಫೆಡೋರಾ ಹೊಸ ಕರ್ನಲ್ ಹಾಕಿಕೊಂಡರೆ ಉಬುಂಟುವಿನ ಮೆನುವಿಗೆ ಅದು ಗೊತ್ತೇ ಆಗುವುದಿಲ್ಲ. ಹಳೆಯ ಕರ್ನಲನ್ನೇ ಬೂಟ್ ಮಾಡುತ್ತಿರುತ್ತದೆ. ಒಂದು ದಿನ ಫೆಡೋರಾ ಆ ಹಳೆಯದನ್ನು ಅಳಿಸುತ್ತದೆ. ಅವತ್ತು ಮೆನುವಿನಲ್ಲಿ ಫೆಡೋರಾ ಒತ್ತಿದರೆ ‘ಫೈಲ್ ಸಿಗಲಿಲ್ಲ, ಮೊದಲು ಕರ್ನಲ್ ಲೋಡ್ ಮಾಡಿ’ ಅನ್ನುವ ಸಂದೇಶ. ಸುಮ್ನೆ ಇದ್ದ ಫೆಡೋರಾ ಕೆಟ್ಟಿತು ಅಂತ ನಾವು ಅಂದುಕೊಳ್ಳುತ್ತೇವೆ.

ಆರ್ಚ್ ಮತ್ತು ಮಂಜಾರೊ ಇಟ್ಟುಕೊಂಡವರಿಗೆ ಇನ್ನೊಂದು ಪೆಟ್ಟು. ಅವುಗಳಲ್ಲಿ ಪ್ರೊಸೆಸರಿನ ಮೈಕ್ರೋಕೋಡ್ ಬೇರೆ ಫೈಲಾಗಿ ಇರಬಹುದು. ಆಗ ಎರಡು ಇನಿಟ್‌ಆರ್‌ಡಿ (ಕರ್ನಲ್ ಏಳುವಾಗ ಜೊತೆಗೆ ಲೋಡ್ ಆಗುವ) ಫೈಲುಗಳು ಬೇಕು. ಬೇರೆ ಡಿಸ್ಟ್ರೋದ ಗ್ರಬ್ ಅವುಗಳಲ್ಲಿ ಮೊದಲನೆಯದನ್ನು ಮಾತ್ರ ಬರೆದುಕೊಂಡರೆ, ಬೂಟ್ ಅರ್ಧಕ್ಕೆ ಬಂದು ಕರ್ನಲ್ ಪ್ಯಾನಿಕ್ ಅಂತ ನಿಲ್ಲುತ್ತದೆ. ಪರದೆಯ ಮೇಲೆ ‘ಅನ್‌ನೋನ್-ಬ್ಲಾಕ್ (0,0)’ ಅಂತ ಕಂಡರೆ ಮೊದಲು ಇದನ್ನೇ ಅನುಮಾನಿಸಿ.

2021ರಲ್ಲಿ ಬಂದ ಗ್ರಬ್ 2.06ರಿಂದ ಓಎಸ್-ಪ್ರೋಬರ್ ಮೂಲದಲ್ಲೇ ಆಫ್ ಆಗಿ ಬರುತ್ತದೆ. ‘ಅಪ್‌ಡೇಟ್ ಆದ ಮೇಲೆ ನನ್ನ ಇನ್ನೊಂದು ಲಿನಕ್ಸ್ ಮೆನುವಿನಿಂದ ಮಾಯವಾಯ್ತು’ ಅಂತ ಬಹಳ ಜನ ಹೇಳಿದ್ದು ಇದರಿಂದಲೇ. ಅದನ್ನು ಮತ್ತೆ ಆನ್ ಮಾಡಬಹುದು. ಆದರೆ ಆಫ್ ಇರುವುದೇ ಒಳ್ಳೆಯದು ಅಂತ ನಾನು ಹೇಳುತ್ತೇನೆ. ಅದರ ಬದಲು ಹೀಗೆ ಮಾಡಿ. ಯಜಮಾನ ಡಿಸ್ಟ್ರೋದಲ್ಲಿ:

ಸುಡೊ ನ್ಯಾನೊ /ಇಟಿಸಿ/ಗ್ರಬ್.ಡಿ/40_ಕಸ್ಟಮ್

ಈ ಫೈಲಿನಲ್ಲಿ ಮೊದಲೇ ಕೆಲವು ಸಾಲುಗಳಿರುತ್ತವೆ. ಅವನ್ನು ಮುಟ್ಟಬೇಡಿ. ಎಲ್ಲಕ್ಕಿಂತ ಕೆಳಗೆ ಇದನ್ನು ಸೇರಿಸಿ:

ಮೆನುಎಂಟ್ರಿ 'ಫೆಡೋರಾ' {
ಸರ್ಚ್ --ಎಫ್‌ಎಸ್-ಯುಯುಐಡಿ --ಸೆಟ್=ರೂಟ್ 3ಎ7ಎಫ್-1ಸಿ20
ಚೈನ್‌ಲೋಡರ್ /ಇಎಫ್‌ಐ/ಫೆಡೋರಾ/ಶಿಮ್‌ಎಕ್ಸ್64.ಇಎಫ್‌ಐ
}

ನಾನು ಕೊಟ್ಟ ಯುಯುಐಡಿ ಬರೀ ಉದಾಹರಣೆ. ನಿಮ್ಮ ಇಎಫ್‌ಐ ಪಾರ್ಟಿಷನ್ನಿನದು ಮೊದಲ ಹಂತದ ಫೋಟೋದಲ್ಲಿದೆ. ಫ್ಯಾಟ್ ಪಾರ್ಟಿಷನ್ನಿನ ಯುಯುಐಡಿ ಹೀಗೇ ನಾಲ್ಕು, ಹೈಫನ್, ನಾಲ್ಕು ಅಕ್ಷರಗಳಷ್ಟು ಚಿಕ್ಕದು. ಲಿನಕ್ಸ್ ಪಾರ್ಟಿಷನ್ನಿನ ಉದ್ದದ ಯುಯುಐಡಿಯನ್ನು ಇಲ್ಲಿ ಹಾಕಿದರೆ ಕೆಲಸ ಆಗುವುದಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ.

ವಿಂಡೋಸ್ ಕೂಡ ಇದ್ದರೆ ಇಂಥದ್ದೇ ಇನ್ನೊಂದು ತುಂಡು ಬರೆದು ಕೊನೆಯ ಸಾಲಿನಲ್ಲಿ /ಇಎಫ್‌ಐ/ಮೈಕ್ರೋಸಾಫ್ಟ್/ಬೂಟ್/ಬೂಟ್‌ಎಂಜಿಎಫ್‌ಡಬ್ಲ್ಯು.ಇಎಫ್‌ಐ ಅಂತ ಕೊಡಿ. ಪಾಪ್ ಓಎಸ್ ಗ್ರಬ್ ಬಳಸುವುದಿಲ್ಲ, ಸಿಸ್ಟಮ್‌ಡಿ-ಬೂಟ್ ಬಳಸುತ್ತದೆ. ಅದರ ಬಾಗಿಲು /ಇಎಫ್‌ಐ/ಸಿಸ್ಟಮ್‌ಡಿ ಫೋಲ್ಡರಿನಲ್ಲಿದೆ.

ಉಳಿಸಿ ಹೊರಗೆ ಬನ್ನಿ. ಈಗ /ಇಟಿಸಿ/ಡಿಫಾಲ್ಟ್/ಗ್ರಬ್ ಫೈಲ್ ತೆರೆಯಿರಿ. ಇದರಲ್ಲಿ ಹೆಸರುಗಳೆಲ್ಲ ದೊಡ್ಡಕ್ಷರದಲ್ಲಿರುತ್ತವೆ. ಗ್ರಬ್_ಟೈಮ್‌ಔಟ್_ಸ್ಟೈಲ್ ಮುಂದೆ ‘ಹಿಡನ್’ ಇದ್ದರೆ ‘ಮೆನು’ ಅಂತ ಮಾಡಿ. ಗ್ರಬ್_ಟೈಮ್‌ಔಟ್ ಮುಂದೆ 0 ಇದ್ದರೆ 5 ಮಾಡಿ. ಇದನ್ನು ಮರೆತರೆ ಎಲ್ಲ ಸರಿಯಾಗಿ ಬರೆದಿದ್ದರೂ ಮೆನು ಕಾಣದೆ ನೇರ ಉಬುಂಟುವೇ ಬಂದುಬಿಡುತ್ತದೆ. ಕೊನೆಗೆ:

ಸುಡೊ ಅಪ್‌ಡೇಟ್-ಗ್ರಬ್

ಡೆಬಿಯನ್, ಉಬುಂಟು, ಮಿಂಟ್ ಬಿಟ್ಟು ಬೇರೆ ಕಡೆ ಈ ಕಮಾಂಡ್ ಇಲ್ಲದೆಯೂ ಇರಬಹುದು. ಯಜಮಾನ ಆರ್ಚ್ ಆಗಿದ್ದರೆ ಸುಡೊ ಗ್ರಬ್-ಎಂಕೆಕಾನ್ಫಿಗ್ -ಒ /ಬೂಟ್/ಗ್ರಬ್/ಗ್ರಬ್.ಸಿಎಫ್‌ಜಿ. ಫೆಡೋರಾದಲ್ಲಾದರೆ ಎರಡೂ ಕಡೆ ‘ಗ್ರಬ್’ ಪಕ್ಕ 2 ಬರುತ್ತದೆ: ಗ್ರಬ್2-ಎಂಕೆಕಾನ್ಫಿಗ್, /ಬೂಟ್/ಗ್ರಬ್2/ಗ್ರಬ್.ಸಿಎಫ್‌ಜಿ.

ಈಗ ಮೆನುವಿನಲ್ಲಿ ಫೆಡೋರಾ ಒತ್ತಿದರೆ ಫೆಡೋರಾದ ಸ್ವಂತ ಗ್ರಬ್ ಏಳುತ್ತದೆ. ಅದಕ್ಕೆ ತನ್ನ ಕರ್ನಲ್ ಯಾವುದು ಅಂತ ಯಾವಾಗಲೂ ಗೊತ್ತಿರುತ್ತದೆ. ಎರಡು ಮೆನು ದಾಟಬೇಕಲ್ಲ ಅನಿಸಿದರೆ ಫೆಡೋರಾದೊಳಗೆ ಹೋಗಿ ಅದರ ಟೈಮ್‌ಔಟನ್ನು 1 ಸೆಕೆಂಡ್ ಮಾಡಿ.

ಉಬುಂಟು, ಮಿಂಟ್: ಒಂದೇ ಕೋಣೆಯಲ್ಲಿ ಇಬ್ಬರು

ಇದು ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡಿದ ಸಮಸ್ಯೆ. ಮಿಂಟ್ ಉಬುಂಟುವಿನ ಬೂಟ್‌ಲೋಡರನ್ನೇ ತೆಗೆದುಕೊಂಡು ಬರುತ್ತದೆ. ಸೆಕ್ಯೂರ್ ಬೂಟ್‌ಗೆ (ಸಹಿ ಇರುವ ಬೂಟ್‌ಲೋಡರನ್ನು ಮಾತ್ರ ಓಡಲು ಬಿಡುವ ಭದ್ರತೆ) ಬೇಕಾದ ಸಹಿ ಇರುವ ಆ ಗ್ರಬ್ ತನ್ನ ಫೋಲ್ಡರಿನ ಹೆಸರು ‘ಉಬುಂಟು’ ಅಂತಲೇ ನಂಬಿಕೊಂಡಿರುತ್ತದೆ. ಹಾಗಾಗಿ ಮಿಂಟ್ ಕೂಡ ಅದೇ ಫೋಲ್ಡರಿನಲ್ಲಿ ಕೂರುತ್ತದೆ. ಕುಬುಂಟು, ಜುಬುಂಟುಗಳದೂ ಇದೇ ಕತೆ.

ಆ ಫೋಲ್ಡರನ್ನು ತೆರೆದು ನೋಡಿ. ಒಳಗೆ ಗ್ರಬ್.ಸಿಎಫ್‌ಜಿ ಅನ್ನುವ ಪುಟ್ಟ ಫೈಲ್ ಇದೆ. ಇರುವುದೇ ಮೂರು ಸಾಲು. ಮೊದಲ ಸಾಲಿನಲ್ಲಿ ಒಂದು ಯುಯುಐಡಿ: ಈ ಪಾರ್ಟಿಷನ್ ಹುಡುಕು. ಎರಡನೆಯದರಲ್ಲಿ: ಅದರ /ಬೂಟ್/ಗ್ರಬ್ ಫೋಲ್ಡರಿಗೆ ಹೋಗು. ಮೂರನೆಯದರಲ್ಲಿ: ಅಲ್ಲಿರುವ ದೊಡ್ಡ ಗ್ರಬ್.ಸಿಎಫ್‌ಜಿ ಓದು. ಮಿಂಟ್ ಇನ್‌ಸ್ಟಾಲ್ ಆದಾಗ ಬದಲಾಗುವುದು ಮುಖ್ಯವಾಗಿ ಆ ಮೊದಲ ಸಾಲಿನ ಯುಯುಐಡಿ. ಉಬುಂಟು ಬರೆದಿದ್ದ ಜಾಗದಲ್ಲಿ ಈಗ ಮಿಂಟ್‌ನ ಪಾರ್ಟಿಷನ್ ವಿಳಾಸ. ಆ ಒಂದು ಸಾಲಿಗೋಸ್ಕರ ಇಡೀ ಮೆನು ಕೈ ಬದಲಾಗುತ್ತದೆ. ಇದನ್ನು ಕಣ್ಣಾರೆ ನೋಡಿದ ದಿನ ನನ್ನ ಅರ್ಧ ಭಯ ಹೋಯಿತು.

ವಾಪಸ್ ಪಡೆಯುವುದು ಸುಲಭ. ಮಿಂಟ್‌ನ ಮೆನುವಿನಿಂದಲೇ ಉಬುಂಟುವಿಗೆ ಹೋಗಿ, ಸುಡೊ ಗ್ರಬ್-ಇನ್‌ಸ್ಟಾಲ್ ಕೊಡಿ, ಆಮೇಲೆ ಸುಡೊ ಅಪ್‌ಡೇಟ್-ಗ್ರಬ್. ಮೊದಲ ಸಾಲಿಗೆ ಮತ್ತೆ ಉಬುಂಟುವಿನ ಯುಯುಐಡಿ ಬರುತ್ತದೆ. ಮೆನುವಿನಲ್ಲಿ ಉಬುಂಟು ಇಲ್ಲದಿದ್ದರೆ ಕೆಳಗೆ ಹೇಳುವ ಪೆನ್‌ಡ್ರೈವ್ ದಾರಿ ಹಿಡಿಯಿರಿ.

ಆದರೆ ಮಿಂಟ್‌ನಲ್ಲಿ ಗ್ರಬ್ ಅಪ್‌ಡೇಟ್ ಬಂದಾಗ ಅದು ಮತ್ತೆ ಅದೇ ಸಾಲನ್ನು ಬದಲಾಯಿಸುತ್ತದೆ. ಅದಕ್ಕೆ ಮಿಂಟ್ ಒಳಗೆ ಇದನ್ನು ಕೊಡಿ:

ಸುಡೊ ಎಪಿಟಿ-ಮಾರ್ಕ್ ಹೋಲ್ಡ್ ಗ್ರಬ್-ಇಎಫ್‌ಐ-ಎಎಂಡಿ64-ಸೈನ್ಡ್ ಶಿಮ್-ಸೈನ್ಡ್

ಇವೆರಡು ಪ್ಯಾಕೇಜು ಮಿಂಟ್‌ನಲ್ಲಿ ಇನ್ನು ಅಪ್‌ಡೇಟ್ ಆಗುವುದಿಲ್ಲ. ಭದ್ರತೆಗೆ ತೊಂದರೆ ಆಗುತ್ತಾ ಅಂತ ಕೇಳಬಹುದು. ಬೂಟ್ ಆಗುವ ಪ್ರತಿಯನ್ನು ಈಗ ಉಬುಂಟು ನೋಡಿಕೊಳ್ಳುತ್ತಿದೆ, ಅದು ಅಪ್‌ಡೇಟ್ ಆಗುತ್ತಲೇ ಇರುತ್ತದೆ. ಹಾಗಾಗಿ ಚಿಂತೆ ಬೇಡ.

ಇನ್ನು ಮಿಂಟ್ ಹಾಕಬೇಕಷ್ಟೇ ಅನ್ನುವವರು ಲೈವ್ ಪೆನ್‌ಡ್ರೈವಿನಲ್ಲಿ ಟರ್ಮಿನಲ್ ತೆರೆದು ಯುಬಿಕ್ವಿಟಿ -ಬಿ ಅಂತ ಕೊಡಿ. ಅದೇ ಇನ್‌ಸ್ಟಾಲರ್ ಬರುತ್ತದೆ, ಬೂಟ್‌ಲೋಡರ್ ಮಾತ್ರ ಹಾಕುವುದಿಲ್ಲ. ಮುಗಿದ ಮೇಲೆ ಮಿಂಟ್ ಒಳಗೆ ಒಮ್ಮೆ ಅಪ್‌ಡೇಟ್-ಗ್ರಬ್ ಓಡಿಸಿ, /ಬೂಟ್/ಗ್ರಬ್/ಗ್ರಬ್.ಸಿಎಫ್‌ಜಿ ತಯಾರಾಗಿದೆಯಾ ನೋಡಿ. ಕಮಾಂಡ್ ಇಲ್ಲ ಅಂದರೆ ಗ್ರಬ್2-ಕಾಮನ್ ಪ್ಯಾಕೇಜ್ ಹಾಕಿ.

ಈ ಮಿಂಟ್‌ಗೆ ಸ್ವಂತ ಬಾಗಿಲಿಲ್ಲ. ಆದ್ದರಿಂದ ಉಬುಂಟುವಿನ 40_ಕಸ್ಟಮ್ ಫೈಲಿನಲ್ಲಿ ಚೈನ್‌ಲೋಡರ್ ಬರುವುದಿಲ್ಲ, ಹೀಗೆ ಬರೆಯಬೇಕು:

ಮೆನುಎಂಟ್ರಿ 'ಮಿಂಟ್' {
ಸರ್ಚ್ --ಎಫ್‌ಎಸ್-ಯುಯುಐಡಿ --ಸೆಟ್=ರೂಟ್ (ಇಲ್ಲಿ ಮಿಂಟ್ ಪಾರ್ಟಿಷನ್ನಿನ ಉದ್ದದ ಯುಯುಐಡಿ)
ಕಾನ್ಫಿಗ್‌ಫೈಲ್ /ಬೂಟ್/ಗ್ರಬ್/ಗ್ರಬ್.ಸಿಎಫ್‌ಜಿ
}

ಬ್ರಾಕೆಟ್ ತೆಗೆದು ಯುಯುಐಡಿ ಮಾತ್ರ ಇಡಿ. ಈ ಸಲ ಇಎಫ್‌ಐ ಪಾರ್ಟಿಷನ್ನಿನದಲ್ಲ, ಮಿಂಟ್‌ನದೇ. ಮಿಂಟ್ ತನ್ನ ಕರ್ನಲ್ ಬದಲಾಯಿಸಿದಾಗ ತನ್ನ ಗ್ರಬ್.ಸಿಎಫ್‌ಜಿ ಫೈಲನ್ನೂ ಬದಲಾಯಿಸುತ್ತದೆ. ಉಬುಂಟು ಆ ಫೈಲನ್ನು ಆಯಾ ಹೊತ್ತಿಗೆ ತೆರೆದು ಓದುತ್ತದೆ. ಹಳತಾಗುವ ಮಾತೇ ಇಲ್ಲ.

ಯಜಮಾನನ ಪಕ್ಕ ಡೆಬಿಯನ್ ಇದ್ದರೆ ಅದರೊಳಗೆ ಸುಡೊ ಡಿಪಿಕೆಜಿ-ರೀಕಾನ್ಫಿಗರ್ ಗ್ರಬ್-ಇಎಫ್‌ಐ-ಎಎಂಡಿ64 ಕೊಡಿ. ಕೇಳುವ ಪ್ರಶ್ನೆಗಳಲ್ಲಿ ಎನ್‌ವಿರ‍್ಯಾಮ್ (ಮದರ್‌ಬೋರ್ಡಿನ ಆ ಪಟ್ಟಿ ಇರುವ ಜಾಗ) ಬದಲಾಯಿಸಲೇ ಅಂತ ಒಂದಿರುತ್ತದೆ. ಅದಕ್ಕೆ ‘ನೋ’ ಅನ್ನಿ. ಅಲ್ಲಿಂದ ಮುಂದೆ ಡೆಬಿಯನ್ ಅಪ್‌ಡೇಟ್ ಆದಾಗ ತನ್ನನ್ನು ಪಟ್ಟಿಯ ಮೊದಲಿಗೆ ಹಾಕಿಕೊಳ್ಳುವುದಿಲ್ಲ.

ಏನೂ ಬೂಟ್ ಆಗದಿದ್ದರೆ

ಒಂದು ರಾತ್ರಿ ಜಾಗ ಸಾಲದು ಅಂತ ನಾನು ಬಳಸದ ಒಂದು ಡಿಸ್ಟ್ರೋವಿನ ಪಾರ್ಟಿಷನ್ ಅಳಿಸಿದೆ. ಬೂಟ್ ಮೆನು ನಡೆಸುತ್ತಿದ್ದುದು ಅದೇ ಅನ್ನುವುದು ನೆನಪಿರಲಿಲ್ಲ. ರೀಸ್ಟಾರ್ಟ್ ಮಾಡಿದರೆ ಕಪ್ಪು ಪರದೆ. ಬೆಳಿಗ್ಗೆ ಕಳಿಸಬೇಕಾದ ಕೆಲಸ ಒಳಗಿತ್ತು. ಅವತ್ತು ಕಲಿತದ್ದು ಇದು.

ಪರದೆಯ ಮೇಲೆ ಬರೀ ‘ಗ್ರಬ್>’ ಇದ್ದರೆ ಅದೃಷ್ಟ ಚೆನ್ನಾಗಿದೆ. ಎಲ್‌ಎಸ್ ಅಂತ ಹೊಡೆಯಿರಿ. (ಎಚ್‌ಡಿ0,ಜಿಪಿಟಿ1), (ಎಚ್‌ಡಿ0,ಜಿಪಿಟಿ2) ಹೀಗೆ ಪಟ್ಟಿ ಬರುತ್ತದೆ. ಒಂದೊಂದರ ಒಳಗೂ ನೋಡುತ್ತಾ ಹೋಗಿ: ಎಲ್‌ಎಸ್ (ಎಚ್‌ಡಿ0,ಜಿಪಿಟಿ3)/ಬೂಟ್/ಗ್ರಬ್. ಎಲ್ಲಿ ಗ್ರಬ್.ಸಿಎಫ್‌ಜಿ ಕಾಣುತ್ತದೋ ಅಲ್ಲಿ ನಿಲ್ಲಿ. ನನಗೆ ಮೂರನೆಯ ಪಾರ್ಟಿಷನ್ನಿನಲ್ಲಿ ಸಿಕ್ಕಿತು. ಆಮೇಲೆ:

ಕಾನ್ಫಿಗ್‌ಫೈಲ್ (ಎಚ್‌ಡಿ0,ಜಿಪಿಟಿ3)/ಬೂಟ್/ಗ್ರಬ್/ಗ್ರಬ್.ಸಿಎಫ್‌ಜಿ

ಹಳೆಯ ಮೆನು ಕಣ್ಣ ಮುಂದೆ ಬಂತು. ‘ಗ್ರಬ್ ರೆಸ್ಕ್ಯೂ>’ ಅಂತ ಇದ್ದರೆ ಇನ್ನೂ ಎರಡು ಮೂರು ಸಾಲು ಬೇಕು: ಸೆಟ್ ರೂಟ್=(ಎಚ್‌ಡಿ0,ಜಿಪಿಟಿ3), ಸೆಟ್ ಪ್ರಿಫಿಕ್ಸ್=(ಎಚ್‌ಡಿ0,ಜಿಪಿಟಿ3)/ಬೂಟ್/ಗ್ರಬ್, ಇನ್ಸ್‌ಮಾಡ್ ನಾರ್ಮಲ್, ಕೊನೆಗೆ ನಾರ್ಮಲ್. ಒಂದೊಂದಕ್ಕೂ ಎಂಟರ್ ಒತ್ತಿ.

ಇದು ಆ ಒಂದು ಸಲಕ್ಕೆ ಮಾತ್ರ. ಒಳಗೆ ಹೋದ ತಕ್ಷಣ ಗ್ರಬ್-ಇನ್‌ಸ್ಟಾಲ್, ಅಪ್‌ಡೇಟ್-ಗ್ರಬ್ ಎರಡನ್ನೂ ಓಡಿಸಿ ಪಕ್ಕಾ ಮಾಡಿಕೊಳ್ಳಿ.

ಅದೂ ಆಗಲಿಲ್ಲವೇ? ಲೈವ್ ಪೆನ್‌ಡ್ರೈವ್ ಹಾಕಿ. ಬೂಟ್ ಮಾಡುವಾಗ ಪೆನ್‌ಡ್ರೈವ್ ಕೂಡ ಯುಇಎಫ್‌ಐ ದಾರಿಯಲ್ಲೇ ಬಂದಿದೆ ಅಂತ ಖಾತ್ರಿ ಮಾಡಿಕೊಳ್ಳಿ. ಯಜಮಾನನ ಪಾರ್ಟಿಷನ್ 3, ಇಎಫ್‌ಐ ಪಾರ್ಟಿಷನ್ 1 ಅಂದುಕೊಳ್ಳೋಣ:

ಸುಡೊ ಮೌಂಟ್ /ಡೆವ್/ಎನ್‌ವಿಎಂಇ0ಎನ್1ಪಿ3 /ಎಂಎನ್‌ಟಿ
ಸುಡೊ ಮೌಂಟ್ /ಡೆವ್/ಎನ್‌ವಿಎಂಇ0ಎನ್1ಪಿ1 /ಎಂಎನ್‌ಟಿ/ಬೂಟ್/ಇಎಫ್‌ಐ

ಆಮೇಲೆ ಡೆವ್, ಪ್ರಾಕ್, ಸಿಸ್, ರನ್ ನಾಲ್ಕನ್ನೂ ಒಂದೊಂದಾಗಿ ಸುಡೊ ಮೌಂಟ್ --ಆರ್‌ಬೈಂಡ್ /ಡೆವ್ /ಎಂಎನ್‌ಟಿ/ಡೆವ್ ಅನ್ನುವ ಮಾದರಿಯಲ್ಲಿ ಸೇರಿಸಿ. ಸುಡೊ ಸಿಎಚ್‌ರೂಟ್ /ಎಂಎನ್‌ಟಿ ಕೊಟ್ಟರೆ ನೀವು ನಿಮ್ಮ ಹಳೆಯ ಉಬುಂಟುವಿನೊಳಗೇ ಇದ್ದೀರಿ. ಅಲ್ಲಿ ಗ್ರಬ್-ಇನ್‌ಸ್ಟಾಲ್, ಅಪ್‌ಡೇಟ್-ಗ್ರಬ್. ಮುಗಿಯಿತು.

ಫೆಡೋರಾಗೆ ಮಾತ್ರ ಈ ದಾರಿ ಬೇರೆ. ಯುಇಎಫ್‌ಐ ಇರುವ ಫೆಡೋರಾದಲ್ಲಿ ಗ್ರಬ್2-ಇನ್‌ಸ್ಟಾಲ್ ಓಡಿಸಬೇಡಿ. ಅಲ್ಲಿ ಸುಡೊ ಡಿಎನ್‌ಎಫ್ ರೀಇನ್‌ಸ್ಟಾಲ್ ಶಿಮ್-ಎಕ್ಸ್64 ಗ್ರಬ್2-ಇಎಫ್‌ಐ-ಎಕ್ಸ್64 ಕೊಟ್ಟರೆ ಬೂಟ್‌ಲೋಡರ್ ಫೈಲುಗಳು ಹೊಸದಾಗಿ ಬರುತ್ತವೆ.

ಹೊಸದು ಹಾಕುವಾಗ ಎರಡು ಎಚ್ಚರ

ಇನ್‌ಸ್ಟಾಲರ್ ಪಾರ್ಟಿಷನ್ ಕೇಳುವಾಗ ಇಎಫ್‌ಐ ಪಾರ್ಟಿಷನ್ನನ್ನು ಬಳಸಲು ಹೇಳಿ, ಫಾರ್ಮ್ಯಾಟ್ ಅನ್ನುವ ಗುರುತನ್ನು ಮಾತ್ರ ತೆಗೆಯಿರಿ. ಫಾರ್ಮ್ಯಾಟ್ ಆದರೆ ಎಲ್ಲರ ಬೂಟ್‌ಲೋಡರೂ ಹೋಗುತ್ತದೆ. ಅದರ ಯುಯುಐಡಿಯೂ ಬದಲಾಗಿ, ಹಳೆಯ ಡಿಸ್ಟ್ರೋಗಳು ಎಫ್‌ಎಸ್‌ಟ್ಯಾಬ್‌ನಲ್ಲಿದ್ದ (ಬೂಟ್ ಆಗುವಾಗ ಜೋಡಿಸಬೇಕಾದ ಪಾರ್ಟಿಷನ್‌ಗಳ ಪಟ್ಟಿ) ವಿಳಾಸ ಸಿಗದೆ ಎಮರ್ಜೆನ್ಸಿ ಮೋಡಿಗೆ ಬೀಳುತ್ತವೆ.

ಸ್ವಾಪ್ ಪಾರ್ಟಿಷನ್ನಿಗೂ (ರ‍್ಯಾಮ್ ಸಾಲದಾಗ ಬಳಸುವ ಜಾಗ) ಹೀಗೆಯೇ. ಹೊಸ ಡಿಸ್ಟ್ರೋ ಅದನ್ನು ಫಾರ್ಮ್ಯಾಟ್ ಮಾಡಿದರೆ ಹಳೆಯದು ಪ್ರತಿ ಸಲ ಬೂಟ್ ಆಗುವಾಗ ಆ ಹಳೆಯ ಯುಯುಐಡಿಗಾಗಿ 90 ಸೆಕೆಂಡ್ ಕಾಯುತ್ತದೆ. ಒಂದೂವರೆ ನಿಮಿಷ ತಡವಾಗುತ್ತಿದೆ ಅಂದರೆ /ಇಟಿಸಿ/ಎಫ್‌ಎಸ್‌ಟ್ಯಾಬ್ ತೆರೆದು ಸ್ವಾಪ್ ಸಾಲಿನ ಯುಯುಐಡಿ ಸರಿ ಮಾಡಿ.

ಎಲ್ಲ ಮುಗಿದ ಮೇಲೆ ಪರೀಕ್ಷೆ. ಮೂರೂ ಡಿಸ್ಟ್ರೋಗೆ ಒಂದೊಂದು ಸಲ ಮೆನುವಿನಿಂದಲೇ ಹೋಗಿ ಬನ್ನಿ. ಆಮೇಲೆ ಫೆಡೋರಾದಲ್ಲಿ ಕರ್ನಲ್ ಅಪ್‌ಡೇಟ್ ಬರುವವರೆಗೆ ಕಾಯಿರಿ. ಅದನ್ನು ಹಾಕಿಕೊಂಡು, ಉಬುಂಟುವಿನಲ್ಲಿ ಏನನ್ನೂ ಮುಟ್ಟದೆ, ರೀಸ್ಟಾರ್ಟ್ ಮಾಡಿ ಮತ್ತೆ ಫೆಡೋರಾಗೆ ಹೋಗಿ. ಟರ್ಮಿನಲ್‌ನಲ್ಲಿ ಯುನೇಮ್ -ಆರ್ ಕೊಡಿ. ಅಲ್ಲಿ ಹೊಸ ಕರ್ನಲ್‌ನ ಸಂಖ್ಯೆ ಬಂದರೆ ನಿಮ್ಮ ಮೆನು ಸರಿಯಾಗಿದೆ.